ದೊಡ್ಡಪ್ಪನ ಸೆನೆಟರ್ ರೀಲ್: ಬಿಚ್ಚಿದ್ದು, ಜೋಡಿಸಿದ್ದು, ಬೆಲೆ ಕಟ್ಟಿದ್ದು

ಮೊದಲ ವಾರ

ಹಡಗಿನ ಕೆಲಸದಲ್ಲಿದ್ದ ದೊಡ್ಡಪ್ಪ ಬಿಟ್ಟುಹೋದ ಮೀನುಗಾರಿಕೆಯ ಸಲಕರಣೆಗಳಲ್ಲಿ ನನ್ನ ಪಾಲಿಗೆ ಬಂದದ್ದು ಆಳಸಮುದ್ರದ ದೊಡ್ಡ ಮೀನುಗಳಿಗೆ ಬಳಸುವ, ಅಮೆರಿಕದ ಪೆನ್ ಸಂಸ್ಥೆಯ ಸೆನೆಟರ್ 114 ಮಾದರಿಯ ರೀಲ್, ಅಂದರೆ ಗಾಳದ ದಾರವನ್ನು ಸುತ್ತುವ ಯಂತ್ರ. ಹಿಡಿ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು, ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಚ್ಚಿಕೊಳ್ಳಬೇಕು ಎಂಬ ತಡೆಯನ್ನು ಹೊಂದಿಸಲು ಹಿಡಿಯ ಬುಡದಲ್ಲಿರುವ ನಕ್ಷತ್ರಾಕಾರದ ಚಕ್ರ ಅಲುಗುತ್ತಲೇ ಇರಲಿಲ್ಲ. ದಾರದ ಉರುಳೆಯಾದ ಸ್ಪೂಲಿನ ಮೇಲೆ ಹಳದಿಗಟ್ಟಿದ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಇದನ್ನು ಮತ್ತೆ ಕಡಲಿಗೆ ಇಳಿಸುವಂತೆ ಮಾಡಬೇಕು ಎಂಬುದು ನನ್ನ ಆಸೆ. ಆದರೆ ದೊಡ್ಡಪ್ಪನ ವಸ್ತುಗಳನ್ನು ಮನೆಯವರೆಲ್ಲ ಹಂಚಿಕೊಂಡಿದ್ದರಿಂದ ಪ್ರತಿಯೊಂದಕ್ಕೂ ನ್ಯಾಯವಾದ ಬೆಲೆ ಕಟ್ಟುವ ಹೊಣೆಯೂ ನನ್ನ ಮೇಲಿದೆ. ಈ ಎರಡು ಕೆಲಸಗಳು ಒಂದಕ್ಕೊಂದು ಅಡ್ಡ ಬರುತ್ತವೆ, ಏಕೆಂದರೆ ದುರಸ್ತಿಯ ಉತ್ಸಾಹದಲ್ಲಿ ತಿಕ್ಕಿ ಹೊಳೆಯಿಸಿದ ಹಳೆಯ ರೀಲಿನ ಬೆಲೆ ಸಂಗ್ರಹಕಾರರ ಕಣ್ಣಿನಲ್ಲಿ ಇಳಿಯುತ್ತದೆ. ಆದ್ದರಿಂದ ಹೊರಮೈಯನ್ನು ಸ್ವಚ್ಛಗೊಳಿಸುವುದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ, ಒಳಗಿನ ಯಂತ್ರವನ್ನು ಮಾತ್ರ ಸಂಪೂರ್ಣವಾಗಿ ಸರಿಪಡಿಸುತ್ತೇನೆ ಎಂದು ಮೊದಲ ದಿನವೇ ನಿರ್ಧರಿಸಿಕೊಂಡೆ.

ಮೊದಲು ದಾರವನ್ನು ಕತ್ತರಿಸಿ ತೆಗೆದೆ. ಎಳೆತದಲ್ಲಿ ಸುತ್ತಿದ ನೈಲಾನ್ ದಾರ ಹಿಗ್ಗಿದ ಸ್ಥಿತಿಯಲ್ಲಿರುತ್ತದೆ. ಅದು ಕುಗ್ಗಲು ಯತ್ನಿಸುತ್ತ ಸ್ಪೂಲನ್ನು ಒಳಮುಖವಾಗಿ ಹಿಂಡುತ್ತದೆ, ಎರಡೂ ಬದಿಯ ಅಂಚುಗಳನ್ನು ಹೊರಕ್ಕೆ ತಳ್ಳುತ್ತದೆ. ಪ್ಲಾಸ್ಟಿಕ್ ಸ್ಪೂಲ್ ಆಗಿದ್ದರೆ ಇಷ್ಟು ವರ್ಷಗಳಲ್ಲಿ ಸೀಳಿಹೋಗುತ್ತಿತ್ತೋ ಏನೋ. ಇದು ಲೋಹದ್ದಾದ್ದರಿಂದ ಉಳಿದಿದೆ. ಆದರೆ ದಾರದ ಸುತ್ತುಗಳ ನಡುವೆ ಸಿಕ್ಕಿಕೊಂಡ ಉಪ್ಪು ತೇವವನ್ನು ಹಿಡಿದಿಟ್ಟು, ಕ್ರೋಮ್ ಲೇಪದ ಸೂಕ್ಷ್ಮ ರಂಧ್ರಗಳ ಮೂಲಕ ಅಡಿಯ ಲೋಹವನ್ನು ತಲುಪಿ, ಸ್ಪೂಲಿನ ನಡುವೆ ಒಂದು ಉಂಗುರದಷ್ಟು ಹಸಿರು ಕಿಲುಬನ್ನು ಬೆಳೆಸಿತ್ತು.

ಎರಡನೆಯ ವಾರ

ಬಿಚ್ಚುವ ಮುನ್ನ ಪ್ರತಿ ಹಂತದ ಛಾಯಾಚಿತ್ರ ತೆಗೆದೆ. ಹಿಡಿಯ ತಿರುಪು, ನಕ್ಷತ್ರಚಕ್ರ, ಅದರ ಕೆಳಗಿನ ಕೊಳವೆ ಎಲ್ಲವೂ ನುಸುಳುವ ಎಣ್ಣೆಗೆ ಒಂದೇ ರಾತ್ರಿಯಲ್ಲಿ ಸಡಿಲಗೊಂಡವು. ಕಷ್ಟ ಕೊಟ್ಟದ್ದು ರೀಲನ್ನು ಗಾಳದ ಕೋಲಿಗೆ ಕೂರಿಸುವ ಪಾದದ ಒಂದು ಸ್ಕ್ರೂ. ಸರಿಹೊಂದದ ಸ್ಕ್ರೂಡ್ರೈವರ್ ಹಾಕಿ ಅವಸರಪಟ್ಟದ್ದರಿಂದ ಅದರ ತಲೆಯ ಸೀಳು ಸವೆಯಿತು, ಆ ಗುರುತು ಈಗ ಶಾಶ್ವತ. ಅಂಚು ಇಳಿಜಾರಾಗಿರುವ ಸಾಮಾನ್ಯ ಸ್ಕ್ರೂಡ್ರೈವರ್ ಸೀಳಿನ ಮೇಲ್ತುದಿಯನ್ನು ಮಾತ್ರ ಹಿಡಿಯುತ್ತದೆ. ಸೀಳಿನ ಅಗಲಕ್ಕೂ ಆಳಕ್ಕೂ ತುಂಬಿಕೊಳ್ಳುವಂತೆ ಸಮಾನಾಂತರವಾಗಿ ಅರೆದ ತುದಿಯೇ ಬೇಕು. ಆಮೇಲೆ ಮೂರು ದಿನ ಎಣ್ಣೆ ಹನಿಸಿ, ಬೆಸುಗೆ ಹಾಕುವ ಕಾವುಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಮಾತ್ರ ತಾಗಿಸಿ ಬಿಸಿ ಮಾಡಿದೆ. ಬಿಸಿಯಾದಾಗ ಹಿಗ್ಗಿ ತಣಿದಾಗ ಕುಗ್ಗಿದ ಸ್ಕ್ರೂ ನಾಲ್ಕನೆಯ ಸಲಕ್ಕೆ ಮಣಿಯಿತು. ಬೆಂಕಿಯ ಜ್ವಾಲೆಯನ್ನು ಇಲ್ಲಿ ಬಳಸಲೇಬಾರದು, ಏಕೆಂದರೆ ಬದಿಯ ಫಲಕಗಳು ಬೇಕಲೈಟ್ ಎಂಬ ಹಳೆಯ ಗಡುಸು ಪ್ಲಾಸ್ಟಿಕಿನವು. ಅದು ಕರಗುವ ವಸ್ತುವಲ್ಲ, ಆದರೆ ಅತಿಯಾದ ಕಾವಿಗೆ ಗುಳ್ಳೆ ಎದ್ದು ಕರಟುತ್ತದೆ.

ಒಳಗೆ ಹಳೆಯ ಗ್ರೀಸ್ ಗಟ್ಟಿಯಾಗಿ ಕಂದು ಮೇಣದಂತಾಗಿತ್ತು, ಹಿಡಿ ನಿಂತುಬಿಡಲು ಅದೇ ಮುಖ್ಯ ಕಾರಣ. ದೊಡ್ಡ ಗೇರಿನ ಹಲ್ಲುಗಳಾಗಲಿ, ಅದಕ್ಕೆ ಕಚ್ಚಿಕೊಳ್ಳುವ ಸಣ್ಣ ಗೇರಾದ ಪಿನಿಯನ್ ಆಗಲಿ ಹೆಚ್ಚು ಸವೆದಿಲ್ಲ ಎಂದು ಕಂಡಾಗ ನಿಜವಾಗಿಯೂ ಸಂತೋಷವಾಯಿತು. ಈ ತಯಾರಕರ ಬಿಡಿಭಾಗಗಳ ಸಂಖ್ಯೆಯ ಕ್ರಮ ಅರ್ಥವಾದರೆ ಹುಡುಕಾಟ ಬಹಳ ಸುಲಭವಾಗುತ್ತದೆ: ಅಡ್ಡಗೆರೆಯ ಮೊದಲಿನ ಅಂಕಿ ಭಾಗವನ್ನೂ ನಂತರದ್ದು ಮಾದರಿಯನ್ನೂ ಹೇಳುತ್ತದೆ, ಅಂದರೆ 5-114 ಎಂದರೆ ಈ ಮಾದರಿಯ ದೊಡ್ಡ ಗೇರ್, 13-114 ಎಂದರೆ ಪಿನಿಯನ್.

ಕಿಲುಬು ಹಿಡಿದ ಲೋಹದ ಭಾಗಗಳನ್ನು ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ಇಟ್ಟು, ಹಲ್ಲುಜ್ಜುವ ಮೆದು ಬ್ರಷ್ಷಿನಿಂದ ಉಜ್ಜಿ, ಕೂಡಲೇ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿದೆ. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಲೇಪ ಬಿಟ್ಟುಹೋದ ಜಾಗದಲ್ಲಿ ಆಮ್ಲ ಅಡಿಯ ಲೋಹವನ್ನೇ ತಿನ್ನತೊಡಗುತ್ತದೆ. ಅಮೋನಿಯ ಇರುವ ಶುಚಿಕಾರಕಗಳನ್ನು ದೂರವಿಟ್ಟೆ. ಒಳಗೆ ಬಿಗುವು ಉಳಿದಿರುವ ಹಿತ್ತಾಳೆಯಲ್ಲಿ ಅಮೋನಿಯ ಬಿರುಕು ಹುಟ್ಟಿಸಬಲ್ಲದು. ಕಿಲುಬು ಹೋದ ಮೇಲೆ ಸ್ಪೂಲಿನ ಮೇಲೆ ಸೂಜಿಮೊನೆಯಷ್ಟು ಗುಂಡಿಗಳು ಉಳಿದಿವೆ. ಹೊಸದಾಗಿ ಕ್ರೋಮ್ ಹಾಕಿಸಬಹುದಿತ್ತು. ಆದರೆ ಅದಕ್ಕೆ ಮೊದಲು ಹಳೆಯ ಲೇಪವನ್ನು ತೆಗೆದು ಲೋಹವನ್ನು ಉಜ್ಜಿ ನಯಗೊಳಿಸಬೇಕಾಗುತ್ತದೆ, ಆಗ ಅಂಚುಗಳ ಮೊನಚು ಹೋಗಿಬಿಡುತ್ತದೆ. ಗುಂಡಿಗಳು ಇರಲಿ.

ನಾಲ್ಕನೆಯ ವಾರ

ಈ ರೀಲಿನ ಜೀವ ಇರುವುದು ಡ್ರ್ಯಾಗಿನಲ್ಲಿ. ದೊಡ್ಡ ಗೇರಿನ ಹೊಟ್ಟೆಯೊಳಗೆ ಲೋಹದ ಬಿಲ್ಲೆಗಳೂ ಘರ್ಷಣೆಯ ಬಿಲ್ಲೆಗಳೂ ಒಂದರ ಮೇಲೊಂದು ಕುಳಿತಿರುತ್ತವೆ. ಲೋಹದವುಗಳಲ್ಲಿ ಕೆಲವು ಗೇರಿಗೆ, ಕೆಲವು ಹಿಡಿಯ ಕೊಳವೆಗೆ ಕಚ್ಚಿಕೊಂಡಿರುತ್ತವೆ. ನಕ್ಷತ್ರಚಕ್ರವನ್ನು ಬಿಗಿದಷ್ಟೂ ಇವು ಒತ್ತಿಕೊಳ್ಳುತ್ತವೆ, ಮೀನು ಅದಕ್ಕಿಂತ ಜೋರಾಗಿ ಎಳೆದಾಗ ಒಂದರ ಮೇಲೊಂದು ಜಾರಿ ದಾರವನ್ನು ಬಿಟ್ಟುಕೊಡುತ್ತವೆ. ಹಿಡಿ ಮಾತ್ರ ಹಿಂದಕ್ಕೆ ತಿರುಗುವುದಿಲ್ಲ, ಏಕೆಂದರೆ ಒಂದು ಸಣ್ಣ ಉಕ್ಕಿನ ನಾಲಿಗೆ ಅದನ್ನು ತಡೆಹಿಡಿದಿರುತ್ತದೆ. ಈ ಏರ್ಪಾಡು ಬರುವ ಮೊದಲು ಮೀನು ಓಡಿದಾಗ ಹಿಡಿಯೂ ರಭಸದಿಂದ ಹಿಂದಕ್ಕೆ ತಿರುಗಿ ಬೆರಳಿನ ಗೆಣ್ಣುಗಳನ್ನು ಜಜ್ಜುತ್ತಿತ್ತು. ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಬಳಿ 1913ರಲ್ಲಿ ಗಾಳದ ಕೋಲಿನಿಂದ ಮೊದಲ ಕತ್ತಿಮೀನನ್ನು ಹಿಡಿದ ವಿಲಿಯಂ ಬೋಶನ್ ಅವರ ಕಲ್ಪನೆಗೆ ಈ ಬಗೆಯ ಡ್ರ್ಯಾಗ್ ಬಹುಮಟ್ಟಿಗೆ ಋಣಿಯಾಗಿದೆ. ಆ ಕಲ್ಪನೆಯನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡುವಾಗ ಅದರ ಸರಳತೆಗೆ ಮನಸ್ಸು ತುಂಬಿಬಂತು.

ಹಳೆಯ ಘರ್ಷಣೆಯ ಬಿಲ್ಲೆಗಳು ಒಣಗಿ ಗಾಜಿನಂತೆ ನುಣುಪಾಗಿದ್ದವು. ಅವುಗಳನ್ನೇ ಶುಚಿಗೊಳಿಸಿ ಜೋಡಿಸಿ ಸ್ಪ್ರಿಂಗ್ ತಕ್ಕಡಿಯಿಂದ ದಾರವನ್ನು ಎಳೆದಾಗ, 8 ಕಿಲೋದವರೆಗೆ ಅಲುಗದೆ ನಿಂತು, ಥಟ್ಟನೆ ಜಾರಿ, 4 ಕಿಲೋಗೆ ಇಳಿದು, ಮತ್ತೆ ಕಚ್ಚಿಕೊಳ್ಳುತ್ತಿತ್ತು. ದಾರ ತುಂಡಾಗುವುದು ಇಂಥ ಕಚ್ಚುವಿಕೆಯಲ್ಲೇ. ಅಷ್ಟೇ ದಪ್ಪದ ಕಾರ್ಬನ್ ನಾರಿನ ಬಿಲ್ಲೆಗಳನ್ನು ತರಿಸಿ, ಡ್ರ್ಯಾಗಿಗೆಂದೇ ಇರುವ ಗ್ರೀಸನ್ನು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ ಕೂರಿಸಿದೆ. ಈಗ ಎಳೆತದ ಆರಂಭಕ್ಕೂ ಓಟಕ್ಕೂ ತಕ್ಕಡಿಯ ಮುಳ್ಳಿನಲ್ಲಿ ಹೆಚ್ಚು ಅಂತರವಿಲ್ಲ. ನಾನು ಹಾಕಲಿರುವುದು 50 ಪೌಂಡಿನ ಎಳೆತ ತಡೆಯುವ ದಾರ, ಅಂದರೆ ಸುಮಾರು 23 ಕಿಲೋ. ಅದರ ಮೂರನೆಯ ಒಂದು ಭಾಗದಷ್ಟು, ಏಳೂವರೆ ಕಿಲೋಗೆ, ಡ್ರ್ಯಾಗನ್ನು ಹೊಂದಿಸಿದ್ದೇನೆ. ಹಳೆಯ ಬಿಲ್ಲೆಗಳನ್ನು ತೆಗೆದ ಕ್ರಮದಲ್ಲೇ ದಾರಕ್ಕೆ ಪೋಣಿಸಿ, ಹೆಸರು ಬರೆದ ಚೀಲದಲ್ಲಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಈ ರೀಲನ್ನು ಮೂಲ ರೂಪಕ್ಕೆ ತರಲು ಬಯಸಿದರೆ ಅವು ಇರಲೇಬೇಕು.

ಆರನೆಯ ವಾರ

ಬೆಲೆಯ ಪ್ರಶ್ನೆಗೆ ಮೊದಲು ಕಾಲವನ್ನು ಗುರುತಿಸಬೇಕಿತ್ತು. ಓಟ್ಟೊ ಹೆನ್ಜ಼ೆ ಫಿಲಡೆಲ್ಫಿಯಾದಲ್ಲಿ ಪೆನ್ ಸಂಸ್ಥೆಯನ್ನು ಆರಂಭಿಸಿದ್ದು 1932ರಲ್ಲಿ, ಸೆನೆಟರ್ ಬಂದದ್ದು 1936ರಲ್ಲಿ. ಆಮೇಲೆ ದಶಕಗಳ ಕಾಲ ಇದು ತಯಾರಾಗುತ್ತಲೇ ಇದ್ದುದರಿಂದ ಮಾದರಿಯ ಹೆಸರೊಂದೇ ಏನನ್ನೂ ಹೇಳುವುದಿಲ್ಲ. ನೆರವಾದದ್ದು ಪೆಟ್ಟಿಗೆಯ ತಳದಲ್ಲಿ ಮಡಚಿ ಇಟ್ಟಿದ್ದ ಭಾಗಗಳ ಪಟ್ಟಿಯ ಹಾಳೆ. ಅದರ ವಿಳಾಸದಲ್ಲಿ ‘ಫಿಲಡೆಲ್ಫಿಯಾ 32’ ಎಂದಿದೆ. ಅಮೆರಿಕದ ನಗರಗಳಲ್ಲಿ ಇಂಥ ಅಂಚೆ ವಲಯದ ಅಂಕಿಗಳು ಬಳಕೆಗೆ ಬಂದದ್ದು 1943ರಲ್ಲಿ, ಐದಂಕಿಯ ಜಿಪ್ ಸಂಖ್ಯೆ ಬಂದದ್ದು 1963ರಲ್ಲಿ. ಹಾಳೆ ರೀಲಿನ ಜೊತೆಯಲ್ಲೇ ಬಂದದ್ದಾದರೆ, ಹಾಗೂ ಮುದ್ರಿಸಿಟ್ಟ ಹಳೆಯ ಹಾಳೆಗಳನ್ನು ಕೆಲಕಾಲ ಬಳಸಿರಬಹುದೆಂಬ ವಿನಾಯಿತಿ ಕೊಟ್ಟರೆ, ಈ ರೀಲ್ ಆ ಇಪ್ಪತ್ತು ವರ್ಷಗಳ ಆಸುಪಾಸಿನದು.

ಹಳೆಯದು ಎಂದಮಾತ್ರಕ್ಕೆ ದುಬಾರಿಯಲ್ಲ. ಗಡುಸು ರಬ್ಬರ್ ಮತ್ತು ಜರ್ಮನ್ ಸಿಲ್ವರ್ ಎಂಬ ಬೆಳ್ಳಿಬಣ್ಣದ ಮಿಶ್ರಲೋಹದಲ್ಲಿ ಮಾಡಿದ, ಅಮೆರಿಕದ ಹಳೆಯ ತಯಾರಕ ಎಡ್ವರ್ಡ್ ವೋಮ್ ಹೋಫ್ ಅವರ ರೀಲುಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ಸೆನೆಟರ್ ಅಪಾರ ಸಂಖ್ಯೆಯಲ್ಲಿ ತಯಾರಾದ ದುಡಿಮೆಯ ರೀಲ್, ಇಂದಿಗೂ ಸುಲಭವಾಗಿ ಸಿಗುತ್ತದೆ. ಮಾರುವವರು ಕೇಳುವ ಬೆಲೆಗಳನ್ನು ಬದಿಗಿಟ್ಟು, ಇದೇ ಮಾದರಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಮಾತ್ರ ಕಲೆಹಾಕಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನೋಡಿದೆ. ಕೆಲಸ ಮಾಡುವ, ಮೂಲ ಪೆಟ್ಟಿಗೆಯೂ ಹಾಳೆಯೂ ಇರುವ ರೀಲಿಗೆ ಬರಿಯ ರೀಲಿಗಿಂತ ಸ್ಪಷ್ಟವಾಗಿ ಹೆಚ್ಚು ಸಿಕ್ಕಿದೆ, ಆದರೂ ಒಟ್ಟು ಮೊತ್ತ ಸಾಧಾರಣವೇ. ಮನೆಯವರಿಗೆ ಕೊಟ್ಟ ವಿವರಣೆಯಲ್ಲಿ ಸ್ಪೂಲಿನ ಗುಂಡಿಗಳನ್ನೂ, ನಾನು ಸವೆಸಿದ ಸ್ಕ್ರೂವನ್ನೂ, ಬದಲಾಯಿಸಿದ ಬಿಲ್ಲೆಗಳನ್ನೂ ಬರೆದಿದ್ದೇನೆ. ಪಾದದ ಅಡಿಯಲ್ಲಿ ದೊಡ್ಡಪ್ಪ ಮೊಳೆಯಿಂದ ಗೀರಿದ ತಮ್ಮ ಹೆಸರಿನ ಮೊದಲಕ್ಷರಗಳಿವೆ. ಸಂಗ್ರಹಕಾರನ ಲೆಕ್ಕದಲ್ಲಿ ಅದೊಂದು ಊನ, ಅದನ್ನೂ ಹಾಗೆಯೇ ದಾಖಲಿಸಿದ್ದೇನೆ. ಅಳಿಸುವ ಮಾತಿಲ್ಲ.

ಇನ್ನು ಉಳಿದಿರುವುದು ಹಿಡಿಯನ್ನು ತಡೆಯುವ ನಾಲಿಗೆಯ ಸ್ಪ್ರಿಂಗ್. ಹಳೆಯದು ಶಕ್ತಿಗುಂದಿರುವುದರಿಂದ ಹತ್ತು ಸಲದಲ್ಲಿ ಒಂದು ಸಲ ನಾಲಿಗೆ ತಡವಾಗಿ ಬೀಳುತ್ತಿದೆ. ಡ್ರ್ಯಾಗ್ ಎಷ್ಟೇ ನಯವಾಗಿದ್ದರೂ ಆ ಒಂದು ಸಲ ಬೆರಳಿಗೆ ಅಪಾಯ. ಹೊಸ ಸ್ಪ್ರಿಂಗ್ ಬಂದು, ತಕ್ಕಡಿಯಲ್ಲಿ ನೂರು ಸಲ ಎಳೆದು ನೋಡುವವರೆಗೆ ಸ್ಪೂಲಿಗೆ ದಾರ ಸುತ್ತುವುದಿಲ್ಲ.