ಐತಾಳರ ಊರು ಕೋಡಿ

ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಸಪೂರಕ್ಕೆ ಚಾಚಿಕೊಂಡ ಮರಳು. ಅದೇ ಕೋಡಿ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವಾಗ ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಬೇಕು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ನಡೆಯುವುದು ಇಲ್ಲೇ. ಅವರು 1902ರಲ್ಲಿ ಹುಟ್ಟಿದ ಕೋಟವೂ ಹತ್ತಿರವೇ.

ನಾನು ಹೋದದ್ದು ಅಮ್ಮನ ಜೊತೆ. ಆ ಕಾದಂಬರಿ ಅಂದ್ರೆ ಅಮ್ಮನಿಗೆ ಪ್ರಾಣ. ಅದರಲ್ಲಿ ಬರುವ ರಾಮ ಐತಾಳರ ಹೆಂಡತಿ ಪಾರೋತಿ, ಒಡಹುಟ್ಟಿದ ಸರಸೋತಿಯರ ಬಗ್ಗೆ ನಮ್ಮ ನೆಂಟರೇನೋ ಅನ್ನುವ ಹಾಗೆ ಮಾತಾಡುತ್ತಾರೆ. ಕೋಡಿಗೆ ಬಂದು ನಿಂತರೆ ಆ ಇಬ್ಬರ ದುಡಿಮೆ ಎಂಥದ್ದು ಅಂತ ಗೊತ್ತಾಗುತ್ತದೆ. ಅಂಗಳದಲ್ಲೂ ಮರಳು, ತೆಂಗಿನ ಬುಡದಲ್ಲೂ ಮರಳು. ಉಪ್ಪುಗಾಳಿಗೆ ತಡೆಯೇ ಇಲ್ಲ. ಇಂಥ ಕಡೆ ಬೇಸಾಯ ಮಾಡಿ ಉಣ್ಣುವುದು ಸುಮ್ನೆ ಮಾತಲ್ಲ. ನೆರೆಯಲ್ಲಿ ತೇಲಿ ಬರುವ ಕಟ್ಟಿಗೆ ಹಿಡಿಯಲು ಹೊಳೆಗೆ ಹೋಗುವ ಹೆಂಗಸರ ಚಿತ್ರ ಪುಸ್ತಕದಲ್ಲಿದೆಯಲ್ಲ, ಸೀತಾ, ಸ್ವರ್ಣಾ ಹೊಳೆಗಳು ಕೂಡಿ ಕಡಲು ಸೇರುವ ಆ ಅಳಿವೆಯ ಅಗಲ ನೋಡಿದ ಮೇಲೆ ಅದನ್ನು ಓದಿದರೆ ಮೈ ಜುಂ ಅನ್ನುತ್ತದೆ.

ದಡದಲ್ಲಿ ಒಬ್ಬರು ಹಳೇ ಬಲೆ ಹಾಸಿ ಬೂತಾಯಿ ಮೀನು ಒಣಗಿಸುತ್ತಿದ್ದರು. ಒಂದೊಂದನ್ನೇ ಬಾಲ ಹಿಡಿದು ಮಗುಚುತ್ತಾ ಬಂದರು. ಬೆರಳಿನ ತುಂಬ ಬೆಳ್ಳಗೆ ಮಿನುಗುವ ಹುರುಪೆ.

“ಹ್ವಾಯ್, ಬಿಸ್ಲಿಗ್ ಎಂತಕ್ ನಿಂತ್ಕಂಡಿರಿ? ಚಪ್ಪರದಡಿಗ್ ಬನ್ನಿ,” ಅಂದರು.

ಅಮ್ಮ ಮಳೆಗಾಲದ ಬಗ್ಗೆ ಕೇಳಿದರು.

“ಆಗ ಕಡ್ಲ್ ಮನಿ ಬಾಗ್ಲಿಗೇ ಬತ್ತ್ ಅಕ್ಕ,” ಅಂತ ಹೇಳಿ ಅಲೆ ತಡೆಯಲು ದಡದುದ್ದಕ್ಕೂ ಸುರಿದಿದ್ದ ಕಪ್ಪು ಬಂಡೆಗಳ ಕಡೆ ಕೈ ತೋರಿಸಿದರು.

ಕಾದಂಬರಿಯ ಶೀನಮಯ್ಯರು ಹೋಟೆಲ್ ಇಡಲು ಬೆಂಗಳೂರಿಗೆ ಹೋಗುತ್ತಾರೆ. ಈ ಸೀಮೆಯ ಎಷ್ಟೋ ಮನೆಗಳ ಕಥೆ ಅದು. ಬೆಂಗಳೂರಲ್ಲಿ ಇಡ್ಲಿ, ಕಾಫಿ ಇಷ್ಟಪಡುವ ನಾವೆಲ್ಲ ಈ ಊರುಗಳಿಗೆ ಋಣಿಗಳು ಅಲ್ವಾ?

ಸಂಜೆ ಕೋಟದ ಅಮೃತೇಶ್ವರಿ ದೇವಸ್ಥಾನಕ್ಕೆ ಹೋದೆವು. ಈ ದೇವರ ಹೆಸರಿನಲ್ಲೇ ಯಕ್ಷಗಾನ ಮೇಳವಿದೆ. ಕಾರಂತರಿಗೆ ಯಕ್ಷಗಾನದ ಹುಚ್ಚು ಹಿಡಿದದ್ದರಲ್ಲಿ ಏನಾಶ್ಚರ್ಯ? 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ನನಗಂತೂ ಇದು ಜಾಸ್ತಿ ಖುಷಿ ಕೊಡುವ ವಿಷಯ.

ಕೋಟತಟ್ಟಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ, ಖಂಡಿತ ನೋಡಿ. ಆದರೆ ಮೊದಲು ಕೋಡಿಗೆ ಹೋಗಿ. ಕಾರು ನಿಲ್ಲಿಸಿ, ಹೊಳೆಯ ಕಡೆಯಿಂದ ಕಡಲಿನ ಕಡೆಗೆ ನಡೆದೇ ಹೋಗಿ.