ಚಿತ್ರದ ಕಬ್ಬು, ರೂಹಿಲ್ಲದ ಚೆಲುವ: ನಂಬಿಕೆ, ಒಲವಿನ ವಚನಗಳನ್ನು ಓದುವ ಬಗೆ

ಬಸವಣ್ಣನವರ ಒಂದು ವಚನ ಹೀಗಿದೆ: "ಒಲವಿಲ್ಲದ ಪೂಜೆ, ನೇಹವಿಲ್ಲದ ಮಾಟ, ಆ ಪೂಜೆಯು ಆ ಮಾಟವು ಚಿತ್ರದ ರೂಹು ಕಾಣಿರಣ್ಣಾ, ಚಿತ್ರದ ಕಬ್ಬು ಕಾಣಿರಣ್ಣಾ. ಅಪ್ಪಿದಡೆ ಸುಖವಿಲ್ಲ, ಮೆಲಿದಡೆ ರುಚಿಯಿಲ್ಲ. ಕೂಡಲಸಂಗಮದೇವಾ, ನಿಜವಿಲ್ಲದವನ ಭಕ್ತಿ ಇಂತುಟು."

ಗಟ್ಟಿಯಾಗಿ ಓದಿದರೂ ಅರ್ಧ ನಿಮಿಷ ಹಿಡಿಯದು. ಬಹುಪಾಲು ಜನ ಅಷ್ಟರಲ್ಲೇ ಓದಿ, ಚೆನ್ನಾಗಿದೆ ಎಂದು ತಲೆದೂಗಿ, ಪುಟ ಮಗುಚುತ್ತಾರೆ. ಹಾಗೆ ಒಂದು ಸಂಜೆಗೆ ಮೂವತ್ತು ವಚನ ಮುಗಿಸಬಹುದು. ಮೂವತ್ತರಲ್ಲಿ ಒಂದೂ ಓದುವವರ ನಂಬಿಕೆಯನ್ನು ಮುಟ್ಟಿರುವುದಿಲ್ಲ, ಯಾಕೆಂದರೆ ತಲೆದೂಗಿದ್ದು ನಮಗೆ ಮೊದಲೇ ಗೊತ್ತಿದ್ದ ಮಾತಿಗೆ. ಪ್ರೀತಿಯಿಲ್ಲದ ಪೂಜೆ ವ್ಯರ್ಥ ಎಂದು ಒಪ್ಪಿಕೊಳ್ಳಲು ವಚನ ಓದಬೇಕಾಗಿಲ್ಲ.

ಇದೇ ವಚನವನ್ನು ನಿಧಾನಕ್ಕೆ ಓದಿ ನೋಡೋಣ. ಮೊದಲ ತೊಡಕು "ಮಾಟ". ಇಂದಿನ ಕಿವಿಗೆ ಮಾಟ ಎಂದರೆ ಮಾಟಮಂತ್ರ. ಇಲ್ಲಿ ಅದು "ಮಾಡು" ಎಂಬ ಕ್ರಿಯಾಪದದಿಂದ ಬಂದ ನಾಮಪದ: ಮಾಡುವಿಕೆ, ಇನ್ನೊಬ್ಬರಿಗಾಗಿ ಮಾಡುವ ಸೇವೆ. ನೇಹ ಎಂದರೆ ಸ್ನೇಹ. ರೂಹು ಎಂದರೆ ರೂಪು. ಪೂಜೆ ಮತ್ತು ಮಾಟ ಎರಡು ಕೆಲಸ. ರೂಹು ಮತ್ತು ಕಬ್ಬು ಎರಡು ಹೋಲಿಕೆ. ಅಪ್ಪುವುದು, ಮೆಲ್ಲುವುದು ಎರಡು ಪರೀಕ್ಷೆ. ಅದೇ ಸಾಲಿನಲ್ಲಿ ಕೂಡಿಸಿದರೆ, ಒಲವಿಲ್ಲದ ಪೂಜೆ ಎಂದರೆ ಗೋಡೆಯ ಚಿತ್ರವನ್ನು ತಬ್ಬಿಕೊಂಡಂತೆ, ನೇಹವಿಲ್ಲದ ಸೇವೆ ಎಂದರೆ ಬಣ್ಣದಲ್ಲಿ ಬರೆದ ಕಬ್ಬನ್ನು ಜಗಿದಂತೆ.

ಈಗ ಇಲ್ಲದ್ದನ್ನು ಗಮನಿಸಿ. ಒಲವಿಲ್ಲದ ಪೂಜೆ ಪಾಪ ಎಂಬ ಮಾತಿಲ್ಲ, ಶಿವ ಮುನಿಯುತ್ತಾನೆ ಎಂದಿಲ್ಲ, ಫಲ ಸಿಗದು ಎಂದೂ ಇಲ್ಲ. ಸುಖವಿಲ್ಲ, ರುಚಿಯಿಲ್ಲ, ಅಷ್ಟೆ. ಪರೀಕ್ಷೆ ನಡೆಯುವುದು ದೇವರ ಮುಂದಲ್ಲ, ಮಾಡಿದವನ ತೋಳಿನಲ್ಲಿ, ನಾಲಗೆಯಲ್ಲಿ. ಕೊನೆಯ "ನಿಜ"ಕ್ಕೂ ಸುಳ್ಳಲ್ಲದ್ದು ಎಂಬ ಅರ್ಥ ಸಾಲದು. ತನ್ನದೇ ಆದದ್ದು, ಸ್ವಂತದ್ದು ಎಂಬುದು ಆ ಪದದ ಮೂಲ. ಇದನ್ನು ಓದಿದ ಮೇಲೆ, ಮರುದಿನ ದೀಪ ಹಚ್ಚುವಾಗ ಸರಿಯಾಗಿ ಮಾಡಿದೆನೇ ಎನ್ನುವ ಪ್ರಶ್ನೆ ಇದ್ದ ಕಡೆ ರುಚಿ ಹತ್ತಿತೇ ಎನ್ನುವ ಪ್ರಶ್ನೆ ಬಂದು ಕೂರುತ್ತದೆ. ಓದು ನಂಬಿಕೆಯನ್ನು ಬದಲಿಸುವುದು ಇಂಥ ಕಡೆ: ಮನಸ್ಸು ಕೇಳಿಕೊಳ್ಳುವ ಪ್ರಶ್ನೆ ಬದಲಾಗುತ್ತದೆ, ಉತ್ತರ ಆಮೇಲಿನ ಮಾತು.

ಇನ್ನು ಪುಸ್ತಕದ ವಿಚಾರ. ಕರ್ನಾಟಕ ಸರ್ಕಾರದ ಸಮಗ್ರ ವಚನ ಸಂಪುಟ 1993ರಲ್ಲಿ 15 ಸಂಪುಟಗಳಲ್ಲಿ ಬಂತು. ಎಲ್ಲವೂ ಬೇಕಿಲ್ಲ. ಮೊದಲನೆಯದು ಬಸವಣ್ಣನವರದು, ಐದನೆಯದು ಶಿವಶರಣೆಯರದು, ಹದಿನೈದನೆಯದು ವಚನಗಳ ಪದಗಳಿಗೆ ಅರ್ಥ ಹೇಳುವ ಪರಿಭಾಷಾ ಕೋಶ. ಈ ಮೂರಿದ್ದರೆ ವರ್ಷಗಟ್ಟಲೆ ಸಾಕು. ಒಂದೇ ಕೊಳ್ಳುವ ಅನುಕೂಲವಿದ್ದರೆ ಐದನೆಯದನ್ನು ಕೊಂಡು, ಕೋಶವನ್ನು ಗ್ರಂಥಾಲಯದಲ್ಲಿ ನೋಡಿಕೊಳ್ಳಿ. ಪದ ಹಿಡಿದು ಹುಡುಕಲು ವಚನ ಸಂಚಯ ಎಂಬ ಜಾಲತಾಣವಿದೆ. "ಒಲಿದೆ" ಎಂದು ಕೊಟ್ಟರೆ ಆ ಪದ ಯಾವ ಯಾವ ವಚನದಲ್ಲಿದೆಯೋ ಎಲ್ಲ ಎದುರಿಗೆ ಬರುತ್ತದೆ. ಇದು ಹಿಂದಿನ ಓದುಗರಿಗೆ ಇಲ್ಲದಿದ್ದ ಸೌಲಭ್ಯ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಕೂಡಿಹಾಕಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ್ದು 1923ರಲ್ಲಿ. ಅದಕ್ಕೂ ಮುಂಚೆ ಸಾಮಾನ್ಯ ಓದುಗನ ಕೈಗೆ ವಚನ ಹೀಗೆ ಪುಸ್ತಕವಾಗಿ ಸಿಗುವುದೇ ಅಪರೂಪವಾಗಿತ್ತು.

ಅಳತೆ: ಒಂದು ವಚನಕ್ಕೆ ಮೂರು ದಿನ, ದಿನಕ್ಕೆ 15 ನಿಮಿಷ. ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಒಂದು ಸಾಕು.

ಮೊದಲ ದಿನ ಅರ್ಥದ ಗೊಡವೆ ಬೇಡ. ಮೂರು ಸಲ ಗಟ್ಟಿಯಾಗಿ ಓದಿ, ಎಡಪುಟದಲ್ಲಿ ಕೈಯಾರೆ ನಕಲು ಮಾಡಿ. ಟೈಪ್ ಮಾಡಿದರೆ ಆಗದೇ ಎಂದು ಕೇಳುವವರಿಗೆ: ಫೋನು "ಅಪ್ಪಿದಡೆ"ಯನ್ನು "ಅಪ್ಪಿದರೆ" ಎಂದು ತಾನೇ ತಿದ್ದಲು ಹೊರಡುತ್ತದೆ, ಕೈ ಹಾಗೆ ಮಾಡುವುದಿಲ್ಲ. ಬರೆಯುವಾಗ ತಡವರಿಸಿದ ಪದಕ್ಕೆಲ್ಲ ಅಡಿಗೆರೆ ಹಾಕಿ. ಎರಡನೇ ದಿನ ಆ ಪದಗಳನ್ನು ಕೋಶದಲ್ಲಿ ನೋಡಿ ಬಲಪುಟದಲ್ಲಿ ಬರೆದುಕೊಳ್ಳಿ. ಜೊತೆಗೆ ಈ ಮಾತು ಯಾರಿಗೆ ಎಂದು ಗುರುತಿಸಿ. ಮೇಲಿನ ವಚನದಲ್ಲಿ "ಕಾಣಿರಣ್ಣಾ" ಎಂದು ಮೊದಲು ಜೊತೆಯವರಿಗೆ ಹೇಳಿ, ಕೊನೆಯ ಸಾಲಿಗೆ ಮುಖ ದೇವರ ಕಡೆ ತಿರುಗುತ್ತದೆ. ಮೂರನೇ ದಿನ ಒಂದೇ ವಾಕ್ಯ: ಈ ವಚನ ನಾನು ಏನನ್ನು ಒಪ್ಪಬೇಕು ಅನ್ನುತ್ತಿದೆ? ಅದರ ಕೆಳಗೆ ಹೌದು, ಇಲ್ಲ, ಗೊತ್ತಿಲ್ಲ ಈ ಮೂರರಲ್ಲೊಂದು, ತಾರೀಖಿನೊಂದಿಗೆ, ಪೆನ್ನಿನಲ್ಲಿ. ಪೆನ್ಸಿಲ್ ಬೇಡ, ಆಮೇಲೆ ಅಳಿಸುವ ಆಸೆ ಹುಟ್ಟುತ್ತದೆ. ಮೂರು ತಿಂಗಳ ನಂತರ ಅದೇ ಪುಟಕ್ಕೆ ಬಂದು ಹೊಸ ಉತ್ತರವನ್ನು ಹಳೆಯದರ ಪಕ್ಕದಲ್ಲಿ ಬರೆಯಿರಿ. "ಇಲ್ಲ"ಗಳೇ ಕಾಣದ ನೋಟ್‌ಬುಕ್ಕಿನ ಬಗ್ಗೆ ನನಗೆ ಸ್ವಲ್ಪ ಅನುಮಾನ. ಅಂಥ ಓದುಗ ವಚನದ ಜೊತೆ ಮಾತಾಡಿಲ್ಲ, ಸುಮ್ಮನೆ ಕೈಮುಗಿದಿದ್ದಾನೆ.

ಈ ಲೆಕ್ಕದಲ್ಲಿ ಅಕ್ಕಮಹಾದೇವಿಯ ವಚನಗಳು ನಾನೂರು ಎಂದು ಹಿಡಿದರೂ (ಅದಕ್ಕಿಂತ ಹೆಚ್ಚೇ ಇವೆ) 1,200 ದಿನ, ಅಂದರೆ ಮೂರು ವರ್ಷ ಮೂರು ತಿಂಗಳಿನ ಕೆಲಸ. ಗಾಬರಿ ಬೇಡ, ಮೊದಲಿಗೆ ಹನ್ನೆರಡು ಸಾಕು.

ಹೆಚ್ಚು ಅಪಾಯ ಗೊತ್ತಿಲ್ಲದ ಪದದಿಂದಲ್ಲ, ಗೊತ್ತಿದೆ ಅನ್ನಿಸುವ ಪದದಿಂದ. "ಭಕ್ತಿಯೆಂಬುದ ಮಾಡಬಾರದು" ಎಂದು ಬಸವಣ್ಣ ಹೇಳುತ್ತಾರೆ. ಇಂದಿನ "ಬಾರದು" ನಿಷೇಧ: ಇಲ್ಲಿ ಉಗುಳಬಾರದು. ಅಲ್ಲಿಯದು ಮಾಡಲು ಬಾರದು, ಸುಲಭಕ್ಕೆ ಆಗದು ಎಂಬ ಅರ್ಥದ್ದು. ಮುಂದಿನ ಮಾತು ನೋಡಿದರೆ ತಿಳಿಯುತ್ತದೆ: "ಗರಗಸದಂತೆ ಹೋಗುತ್ತ ಕೊಯ್ವುದು, ಬರುತ್ತ ಕೊಯ್ವುದು." ಬಡಗಿ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು "ನಂಬರು ನಚ್ಚರು ಬರಿದೆ ಕರೆವರು." ನಂಬುವುದು ಮತ್ತು ನಚ್ಚುವುದು ಒಂದೇ ಅರ್ಥದ ಜೋಡಿಪದ ಎಂದು ಓಡಿಸಿಬಿಡುತ್ತೇವೆ. ಆ ನಚ್ಚು ಇಂದಿನ ನೆಚ್ಚು. "ಮಳೆಯನ್ನೇ ನೆಚ್ಚಿಕೊಂಡ ರೈತರು" ಎಂದು ಪತ್ರಿಕೆಗಳು ಈಗಲೂ ಬರೆಯುತ್ತವೆ, ಅಂದರೆ ಬೇರೆ ದಾರಿ ಇಟ್ಟುಕೊಳ್ಳದೆ ಅದರ ಮೇಲೆ ಭಾರ ಹಾಕಿದವರು. ಅದೇ ಪದ "ನೆಚ್ಚಿನ ನಟ", "ನೆಚ್ಚಿನ ಊಟ" ಎನ್ನುವಾಗ ಪ್ರೀತಿಯ ಪದ. ನಂಬಿಕೆ ಮತ್ತು ಒಲವನ್ನು ಎರಡು ಡಬ್ಬಿಯಲ್ಲಿಟ್ಟವರು ನಾವು, ಕನ್ನಡ ಅವನ್ನು ಒಂದೇ ಪದದಲ್ಲಿ ಇಟ್ಟಿದೆ.

ಎಲ್ಲಿ ಕೆಡುತ್ತದೆ? ಮೊದಲನೆಯದಾಗಿ ಬೆಳಗಿನ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ. ಸೂರ್ಯೋದಯದ ಚಿತ್ರ, ಅದರ ಮೇಲೆ ಒಂದು ಸಾಲು, ಕೆಳಗೆ ದೊಡ್ಡವರೊಬ್ಬರ ಹೆಸರು. ಮೊದಲು ಅಂಕಿತ ನೋಡಿ, ಅಂದರೆ ವಚನಕಾರರು ಸಹಿಯಂತೆ ವಚನದಲ್ಲಿ ಇಡುವ ಹೆಸರು, ಸಾಮಾನ್ಯವಾಗಿ ದೇವರದು. ಕೂಡಲಸಂಗಮದೇವ ಬಸವಣ್ಣ, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣ, ಗುಹೇಶ್ವರ ಅಲ್ಲಮ, ರಾಮನಾಥ ಜೇಡರ ದಾಸಿಮಯ್ಯ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ ಗಟ್ಟಿಗ. ಅಂಕಿತವಿಲ್ಲದ ಒಂಟಿಸಾಲು ಬಂದರೆ ಸಂಚಯದಲ್ಲಿ ಹುಡುಕಿ, ಸಿಗದಿದ್ದರೆ ಅದರ ಮೇಲೆ ನಂಬಿಕೆ ಕಟ್ಟಬೇಡಿ.

ಸಿಕ್ಕರೂ ಎಚ್ಚರ ಬೇಕು. "ಕಾಯಕವೇ ಕೈಲಾಸ" ಎಂಬುದನ್ನು ಬಸವಣ್ಣನವರ ಹೆಸರಿನಲ್ಲಿ ಕಚೇರಿ ಗೋಡೆಗಳ ಮೇಲೆ ಬರೆಸುತ್ತಾರೆ. ಆ ಮಾತು ಇರುವ ವಚನದ ಅಂಕಿತ ಅಮರೇಶ್ವರಲಿಂಗ, ಅಂದರೆ ಆಯ್ದಕ್ಕಿ ಮಾರಯ್ಯನದು. ಹೆಸರು ತಪ್ಪಿದ್ದು ಸಣ್ಣ ಮಾತು. ಅದರ ಮೊದಲು ಬರುವ ಮಾತುಗಳು ಗೋಡೆಯಲ್ಲಿಲ್ಲ: ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತಿದ್ದರೂ ಹಂಗು ಹರಿಯಬೇಕು. ಭಕ್ತನೊಬ್ಬ ಹೀಗೆ ಹೇಳಲು ಎಂಥ ಎದೆಗಾರಿಕೆ ಬೇಕು! ಅಷ್ಟನ್ನೂ ಕತ್ತರಿಸಿದ ಮೇಲೆ ಉಳಿದದ್ದು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬನ್ನಿ ಎಂಬಷ್ಟೇ ಅರ್ಥದ ಬೋರ್ಡು.

ಹಾಡಿಕೆಯಿಂದಲೂ ಅರ್ಥ ವಾಲುತ್ತದೆ. ವಚನಕ್ಕೆ ಪಲ್ಲವಿಯಿಲ್ಲ, ಹಾಡುವಾಗ ಸಾಮಾನ್ಯವಾಗಿ ಮೊದಲ ಸಾಲೇ ಪಲ್ಲವಿಯಾಗಿ ಮತ್ತೆ ಮತ್ತೆ ಮರಳುತ್ತದೆ. ವಚನದ ತಿರುವು ಎಷ್ಟೋ ಸಲ ಕೊನೆಯ ಎರಡು ಸಾಲಿನಲ್ಲಿರುತ್ತದೆ. ಹಾಡು ಕೇಳಿ ಮನಸ್ಸಿನಲ್ಲಿ ಉಳಿದ ವಚನವನ್ನು ಒಮ್ಮೆ ಕೊನೆಯಿಂದ ಮೊದಲಿಗೆ ಓದಿ ನೋಡಿ.

ಈಗ ಅಕ್ಕ. "ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗಾನೊಲಿದೆ, ಎಡೆಯಿಲ್ಲದ ಕಡೆಯಿಲ್ಲದ ತೆರಹಿಲ್ಲದ ಕುರುಹಿಲ್ಲದ ಚೆಲುವಂಗಾನೊಲಿದೆ ಎಲೆ ಅವ್ವಗಳಿರಾ." ಎರಡು ಸಾಲಿನಲ್ಲಿ ಏಳು "ಇಲ್ಲದ". ರೂಪವಿಲ್ಲ, ಗುರುತಿಲ್ಲ, ಜಾಗವಿಲ್ಲ. ಚೆಲುವನ್ನು ಕಾಣಲು ಬೇಕಾದ ಒಂದೊಂದನ್ನೂ ತೆಗೆದುಹಾಕಿ, ಆಮೇಲೂ ಅಕ್ಕ ಅವನನ್ನು ಚೆಲುವ ಅನ್ನುತ್ತಾಳೆ. ಬಸವಣ್ಣನವರ ಚಿತ್ರದಲ್ಲಿ ರೂಹು ಇತ್ತು, ಒಲವಿರಲಿಲ್ಲ. ಇಲ್ಲಿ ಒಲವಿದೆ, ರೂಹಿಲ್ಲ. ಎರಡನ್ನೂ ಎದುರುಬದುರು ಪುಟದಲ್ಲಿ ಬರೆದುಕೊಳ್ಳಿ.

ವ್ಯಾಕರಣವನ್ನೂ ನೋಡಿ. ಪ್ರೀತಿಸು ಎಂದರೆ "ಅವನನ್ನು" ಪ್ರೀತಿಸಿದೆ, ಒಲಿ ಎಂದರೆ "ಅವನಿಗೆ" ಒಲಿದೆ. ಅಕ್ಕನದು "ಚೆಲುವಂಗೆ". ದೇವರು ಭಕ್ತನಿಗೆ ಒಲಿಯುವುದೂ ಇದೇ ಕ್ರಿಯಾಪದದಲ್ಲಿ, ವಿದ್ಯೆ ಒಲಿಯುವುದೂ ಹೀಗೆಯೇ. ಸಾಮಾನ್ಯವಾಗಿ ಒಲಿಯುವವನು ಮೇಲಿನವನು, ಬೇಡುವವನು ಕೆಳಗಿನವನು. ಅಕ್ಕ "ಆನು ಒಲಿದೆ" ಎಂದಾಗ ಆ ಏಣಿ ತಿರುಗುತ್ತದೆ. ಇದನ್ನು ಹೇಳುತ್ತಿರುವುದಾದರೂ ದೇವರಿಗಲ್ಲ, ಮನೆಯ ಹಿರಿಯ ಹೆಂಗಸರಿಗೆ, ಅವ್ವಗಳಿಗೆ.

ಇಲ್ಲಿ ಓದುಗರು ಬೀಳುವ ಹಳ್ಳ ಎರಡು. ಒಂದು, ಬದುಕಿನ ಕಥೆಯನ್ನು ವಚನದೊಳಗೆ ತುರುಕುವುದು. ಅಕ್ಕನ ಊರು ಉಡುತಡಿ, ಅವಳನ್ನು ಬಯಸಿದ ರಾಜ ಕೌಶಿಕ, ಮದುವೆ ಇವು ನಮಗೆ ಸಿಗುವುದು ಹರಿಹರನ ರಗಳೆಯಂಥ ನಂತರದ ಕೃತಿಗಳಿಂದ, ಮದುವೆಯ ವಿಷಯದಲ್ಲಿ ಆ ಕೃತಿಗಳಲ್ಲೇ ಒಮ್ಮತವಿಲ್ಲ. ಮೊದಲು ವಚನ ಓದಿ, ಕಥೆ ಆಮೇಲೆ. ಇನ್ನೊಂದು, "ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ" ಎಂಬ ಸಾಲು ಓದಿ, ಲೋಕದ ಪ್ರೀತಿಯೆಲ್ಲ ಕಸ, ಅದೇ ಶರಣರ ಮತ ಎಂದು ತೀರ್ಮಾನಿಸುವುದು. ಹೊಸ ಓದುಗರು ಒಬ್ಬರ ದನಿಯನ್ನು ಎಲ್ಲರ ದನಿ ಎಂದುಕೊಳ್ಳುವುದು ತೀರಾ ಸಾಮಾನ್ಯ.

ಇದಕ್ಕೆ ಮದ್ದು ಜೋಡಿ ಓದು. ಅಕ್ಕನ ಆ ವಚನ ಓದಿದ ವಾರವೇ ದಾಸಿಮಯ್ಯನದನ್ನು ಓದಿ: "ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ." ಒಂದಾಗದವರ ಭಕ್ತಿ ಅಮೃತದಲ್ಲಿ ವಿಷ ಬೆರೆಸಿದಂತೆ ಎಂದು ಅವನು ಮುಂದುವರಿಸುತ್ತಾನೆ. ಅಕ್ಕನಿಗೆ ಗಂಡನನ್ನು ಬಿಟ್ಟರೆ ಸಿಗುವ ಶಿವ, ದಾಸಿಮಯ್ಯನಿಗೆ ಹೆಂಡತಿಯ ಜೊತೆಗೇ ಬೇಕು. ಇಬ್ಬರಲ್ಲಿ ಯಾರು ಸರಿ ಎಂದು ಅವಸರಕ್ಕೆ ತೀರ್ಪು ಕೊಡಬೇಡಿ. ಎರಡಕ್ಕೂ ಬೇರೆ ಬೇರೆ ಉತ್ತರ ಬರೆದು ತಾರೀಖು ಹಾಕಿ. ದಾಸಿಮಯ್ಯನ ಸಾಲನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವವರು ಆ ವಿಷದ ಮಾತನ್ನು ಬಿಡುತ್ತಾರೆ, ಅದೂ ಅರ್ಥವಾಗುವಂಥದ್ದೇ.

ಮೂರನೆಯದಾಗಿ ಇವೆರಡರ ಪಕ್ಕಕ್ಕೆ ಆಯ್ದಕ್ಕಿ ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವಳು ಕೇಳಿದ್ದು: "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ." ಈಸಕ್ಕಿ ಎಂದರೆ ಇಷ್ಟೊಂದು ಅಕ್ಕಿ. ಬೈಗುಳದ ಬಿಸಿ ಇದೆ, "ನಿಮಗೇಕೆ" ಎಂಬ ಮರ್ಯಾದೆಯೂ ಇದೆ. ಅವಳ ಅಂಕಿತವನ್ನು ಪೂರ್ತಿ ಬರೆದುಕೊಳ್ಳಿ: "ಮಾರಯ್ಯಪ್ರಿಯ ಅಮರೇಶ್ವರಲಿಂಗ." ಗಂಡನ ಹೆಸರು, ಒಲವಿನ ಪದ, ದೇವರ ಹೆಸರು ಮೂರೂ ಒಂದೇ ಅಂಕಿತದಲ್ಲಿ. ಅದನ್ನಿಟ್ಟುಕೊಂಡೇ ಅವಳು ಆ ಗಂಡನ ಅಕ್ಕಿಯನ್ನು ಬೇಡ ಅನ್ನುತ್ತಿದ್ದಾಳೆ. ಐದನೇ ಸಂಪುಟ ಸಿಕ್ಕವರು ಅಕ್ಕನಿಗಿಂತ ಮೊದಲು ಇವಳ ಪುಟಗಳನ್ನು ತೆರೆಯಿರಿ. ವಚನಗಳು ಕಡಿಮೆ, ಕಠಿಣ ಪದ ಕಡಿಮೆ, ಮೊದಲ ಹನ್ನೆರಡು ಇಲ್ಲೇ ಸಿಗುತ್ತವೆ.