ಇಂಟರ್‌ಫೆರಾನ್ ವೈರಸ್ಸನ್ನು ಕೊಲ್ಲುತ್ತದಾ?

ರೋಗನಿರೋಧಕ ವ್ಯವಸ್ಥೆಯ ಬಗ್ಗೆ ಬರೆಯುವ ನನಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಇಂಟರ್‌ಫೆರಾನ್ ಜೀವಕೋಶದೊಳಗೆ ನುಗ್ಗಿ ವೈರಸ್ಸನ್ನು ಕೊಲ್ಲುತ್ತದೆ, ಅಲ್ವಾ?"

ಇಲ್ಲ. ಇಂಟರ್‌ಫೆರಾನ್ ಅಂದರೆ ವೈರಸ್ ತಗುಲಿದ ಜೀವಕೋಶ ಹೊರಬಿಡುವ, ಸುತ್ತಲಿನ ಜೀವಕೋಶಗಳನ್ನು ಎಚ್ಚರಿಸುವ ಪ್ರೋಟೀನ್. ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ಜೀವಕೋಶದ ಹೊರಮೈಯಲ್ಲಿರುವ ಎರಡು ರಿಸೆಪ್ಟರ್‌ಗಳನ್ನು (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್‌ಗಳನ್ನು) ಹತ್ತಿರ ತಂದು ಜೋಡಿಸುವುದೇ ಅದರ ಕೆಲಸ. ವೈರಸ್ ಜೊತೆ ಹೋರಾಡುವುದು ಆ ಜೀವಕೋಶವೇ.

ಇದರ ಸುಳಿವು ಮೊದಲ ಪ್ರಯೋಗದಲ್ಲೇ ಇತ್ತು. 1957ರಲ್ಲಿ ಲಂಡನ್ನಿನಲ್ಲಿ ಆಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಒಳಪೊರೆಯ ಚೂರುಗಳಿಗೆ ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ ಸೇರಿಸಿದರು. ಆಮೇಲೆ ಅದರ ದ್ರವವನ್ನು ತೆಗೆದು ಹೊಸ ಚೂರುಗಳಿಗೆ ಹಾಕಿದರು. ಆ ಹೊಸ ಚೂರುಗಳಲ್ಲಿ ಜೀವಂತ ವೈರಸ್ ಸರಿಯಾಗಿ ಬೆಳೆಯಲೇ ಇಲ್ಲ. ಒಂದು ಜೀವಕೋಶ ಸ್ರವಿಸಿದ್ದು ಇನ್ನೊಂದು ಜೀವಕೋಶವನ್ನು ಮೊದಲೇ ಸಜ್ಜುಗೊಳಿಸಿತ್ತು.

ಸಜ್ಜುಗೊಳಿಸುವುದು ಹೇಗೆ? ರಿಸೆಪ್ಟರ್ ಎಂದ ಕೂಡಲೇ ನಮಗೆ ಶಾಲೆಯ ಬೀಗ-ಕೀಲಿಯ ಚಿತ್ರ ನೆನಪಾಗುತ್ತದೆ. ಇಲ್ಲಿ ಆ ಚಿತ್ರ ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಬಗೆಯ ಇಂಟರ್‌ಫೆರಾನ್‌ಗಳಿಗೆ, ಅಂದರೆ ಆಲ್ಫಾ, ಬೀಟಾ ಮತ್ತು ಅವುಗಳ ಬಳಗಕ್ಕೆ, ಬೇಕಿರುವುದು ಎರಡು ಬೇರೆ ಬೇರೆ ಪ್ರೋಟೀನ್‌ಗಳು: ಐಎಫ್‌ಎನ್‌ಎಆರ್-1 ಮತ್ತು ಐಎಫ್‌ಎನ್‌ಎಆರ್-2. ಎರಡೂ ಜೀವಕೋಶದ ಪೊರೆಗೆ ಅಡ್ಡಲಾಗಿ ಚುಚ್ಚಿಕೊಂಡಿರುತ್ತವೆ. ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ.

ಇಂಟರ್‌ಫೆರಾನ್ ಆಲ್ಫಾ ಸುಮಾರು 165 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಐದು ಸುರುಳಿಗಳು ಒತ್ತಾಗಿ ಸೇರಿ ಅದಕ್ಕೆ ಆಕಾರ ಬಂದಿದೆ. ಅದರ ಒಂದು ಮೈ ಎರಡನೇ ರಿಸೆಪ್ಟರಿಗೆ ಗಟ್ಟಿಯಾಗಿ ಅಂಟುತ್ತದೆ. ಎದುರಿನ ಮೈ ಒಂದನೇ ರಿಸೆಪ್ಟರಿಗೆ ಅಂಟುತ್ತದೆ, ಆದರೆ ತೀರಾ ಸಡಿಲವಾಗಿ. ಆಲ್ಫಾದ ಒಂದು ಬಗೆಯಾದ ಆಲ್ಫಾ-2ರ ವಿಷಯದಲ್ಲಿ ಈ ಎರಡು ಹಿಡಿತಗಳ ನಡುವೆ ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಅದಕ್ಕೇ ಮೊದಲು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯದಕ್ಕೆ. ಪೊರೆ ಎಣ್ಣೆಯಂಥ ಪದರ, ಅದರಲ್ಲಿ ಪ್ರೋಟೀನ್‌ಗಳು ಅತ್ತಿತ್ತ ತೇಲುತ್ತಲೇ ಇರುತ್ತವೆ. ಹೀಗೆ ತೇಲುವಾಗ ಆ ಜೋಡಿಗೆ ಒಂದನೇ ರಿಸೆಪ್ಟರ್ ಸಿಗುತ್ತದೆ. ಎರಡೂ ಒಂದೇ ಮೇಲ್ಮೈ ಮೇಲಿರುವುದರಿಂದ ಸಡಿಲ ಹಿಡಿತವೂ ಸಾಕಾಗುತ್ತದೆ.

ಈಗ ಒಳಗಿನ ತುದಿಗಳನ್ನು ನೋಡಿ. ಒಂದನೆಯದರ ಜೊತೆ ಟಿಕ್-2, ಎರಡನೆಯದರ ಜೊತೆ ಜಾಕ್-1 ಎಂಬ ಕಿಣ್ವ ಕೂತಿರುತ್ತದೆ. ರಿಸೆಪ್ಟರ್‌ಗಳು ಹತ್ತಿರ ಬಂದಾಗ ಈ ಕಿಣ್ವಗಳೂ ಹತ್ತಿರ ಬಂದು ಪರಸ್ಪರ ಚುರುಕಾಗುತ್ತವೆ. ಅವು ಸ್ಟ್ಯಾಟ್-1, ಸ್ಟ್ಯಾಟ್-2 ಎಂಬ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಆ ಎರಡೂ ಇನ್ನೊಂದು ಪ್ರೋಟೀನನ್ನು ಜೊತೆ ಮಾಡಿಕೊಂಡು ಕೋಶಕೇಂದ್ರ ಸೇರುತ್ತವೆ. ಅಲ್ಲಿ ನೂರಾರು ಜೀನ್‌ಗಳು ಕೆಲಸ ಶುರುಮಾಡುತ್ತವೆ. ಕೆಲವು ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸಲು ನೆರವಾಗುತ್ತವೆ. ಕೆಲವು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ, ಇದರಿಂದ ಜೀವಕೋಶಕ್ಕೂ ನಷ್ಟವೇ.

ಇದನ್ನು ಹೇಳಿದ ಮೇಲೆ ಬರುವ ಮರುಪ್ರಶ್ನೆ ನನಗೆ ಇನ್ನೂ ಇಷ್ಟ. ಮನುಷ್ಯರಲ್ಲಿ ಆಲ್ಫಾಗೇ 13 ಜೀನ್‌ಗಳಿವೆ, ಜೊತೆಗೆ ಬೀಟಾ ಬೇರೆ. ಎಲ್ಲವೂ ಹಿಡಿಯುವುದು ಅದೇ ಎರಡು ರಿಸೆಪ್ಟರ್‌ಗಳನ್ನು. ಹಾಗಾದರೆ ಇಷ್ಟೊಂದು ಯಾಕೆ? ಉತ್ತರದ ದೊಡ್ಡ ಪಾಲು ಹಿಡಿತದ ಬಿಗಿಯಲ್ಲಿದೆ. ಬೀಟಾ ಒಂದನೇ ರಿಸೆಪ್ಟರನ್ನು ಆಲ್ಫಾ-2ಕ್ಕಿಂತ ಹಲವು ಹತ್ತು ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. ವೈರಸ್ ತಡೆಯಲು ಸ್ವಲ್ಪ ಹೊತ್ತಿನ, ಸಡಿಲವಾದ ಹಿಡಿತ ಸಾಕು. ಅದೇ ಸಂಕೇತ ಜೀವಕೋಶದ ವಿಭಜನೆಯನ್ನೂ ನಿಲ್ಲಿಸಬಲ್ಲದು, ಆದರೆ ಅದಕ್ಕೆ ಜಾಸ್ತಿ ರಿಸೆಪ್ಟರ್‌ಗಳೂ ಬೇಕು, ದೀರ್ಘ ಹಿಡಿತವೂ ಬೇಕು. ವಿಜ್ಞಾನಿಗಳು ಆಲ್ಫಾ-2ರಲ್ಲಿ ಬರೀ ಮೂರು ಅಮೈನೋ ಆಮ್ಲ ಬದಲಿಸಿ ಒಂದನೇ ರಿಸೆಪ್ಟರಿನ ಹಿಡಿತ ಬಿಗಿ ಮಾಡಿದರು. ವೈರಸ್ ತಡೆಯುವ ಶಕ್ತಿ ಹೆಚ್ಚು ಬದಲಾಗಲಿಲ್ಲ, ವಿಭಜನೆ ತಡೆಯುವ ಶಕ್ತಿ ಮಾತ್ರ ತುಂಬಾ ಏರಿತು. ಇಂಥ ಸರಳ ಪ್ರಯೋಗ ಇಷ್ಟು ಸ್ಪಷ್ಟ ಉತ್ತರ ಕೊಡುವುದು ಅಪರೂಪ.

ಗಾಮಾ ಇಂಟರ್‌ಫೆರಾನ್ ಇವುಗಳ ಸಾಲಿಗೆ ಸೇರುವುದಿಲ್ಲ. ಅದಕ್ಕೆ ಬೇರೆಯದೇ ರಿಸೆಪ್ಟರ್‌ಗಳಿವೆ. ಲಾಂಬ್ಡಾದ್ದೂ ಬೇರೆ, ಅದರ ರಿಸೆಪ್ಟರ್ ಮುಖ್ಯವಾಗಿ ಶ್ವಾಸಕೋಶ ಮತ್ತು ಕರುಳಿನ ಒಳಪದರದಂಥ ಕಡೆ ಇರುತ್ತದೆ. ಆಲ್ಫಾ-ಬೀಟಾ ರಿಸೆಪ್ಟರ್‌ಗಳು ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇವೆ. ಇಂಟರ್‌ಫೆರಾನ್ ಇಂಜೆಕ್ಷನ್ ತೆಗೆದುಕೊಂಡವರಿಗೆ ಫ್ಲೂ ಬಂದ ಹಾಗೆ ಜ್ವರ, ಮೈಕೈ ನೋವು ಬರುವುದು ಅದಕ್ಕೇ.

ಈ ಹಿಡಿತ ಎಷ್ಟು ಮುಖ್ಯ ಅನ್ನುವುದು ವೈರಸ್‌ಗಳಿಗೂ ಗೊತ್ತು. ಸಿಡುಬಿನ ವೈರಸ್ಸಿನ ಬಳಗದ ವ್ಯಾಕ್ಸಿನಿಯಾ ವೈರಸ್ ಒಂದು ನಕಲಿ ರಿಸೆಪ್ಟರನ್ನೇ ಹೊರಬಿಡುತ್ತದೆ. ಇಂಟರ್‌ಫೆರಾನ್ ಅದಕ್ಕೆ ಅಂಟಿ ವ್ಯರ್ಥವಾಗುತ್ತದೆ. ಕೋವಿಡ್ ತೀವ್ರವಾದವರಲ್ಲಿ ಸುಮಾರು 10% ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್ ವಿರುದ್ಧದ ಪ್ರತಿಕಾಯಗಳಿದ್ದವು ಎಂದು 2020ರಲ್ಲಿ ಗೊತ್ತಾಯಿತು. ಅಲ್ಲೂ ತಪ್ಪಿದ್ದು ಇದೇ ಹಿಡಿತ.

ರೋಗನಿರೋಧಕ ವ್ಯವಸ್ಥೆ ತನ್ನ ಮೈಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆಯಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಇಂಟರ್‌ಫೆರಾನ್ ಸಂಕೇತ ಅತಿಯಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಅನಿಫ್ರೊಲುಮ್ಯಾಬ್ ಎಂಬ ಔಷಧಿ ಇಂಟರ್‌ಫೆರಾನಿನ ತಂಟೆಗೆ ಹೋಗುವುದಿಲ್ಲ, ನೇರವಾಗಿ ಒಂದನೇ ರಿಸೆಪ್ಟರಿನ ಮೇಲೆ ಕೂತು ದಾರಿ ಮುಚ್ಚುತ್ತದೆ. ಹಲವರಿಗೆ ಇದರಿಂದ ಕಾಯಿಲೆ ಹತೋಟಿಗೆ ಬರುತ್ತದೆ. ಆದರೆ ಆ ಔಷಧಿ ತೆಗೆದುಕೊಳ್ಳುವವರಲ್ಲಿ ಸರ್ಪಸುತ್ತು ಜಾಸ್ತಿ ಕಾಣಿಸಿಕೊಳ್ಳುತ್ತದೆ.